ಒಳಗಿನ ಚಿಲಕ

ಹೋದ ಸೋಮವಾರ ಸಂಜೆ, ಕಾರವಾರದಿಂದ ಅಂಕೋಲೆಗೆ ಬರುವ ಬಸ್ಸಿನಲ್ಲಿ, ನನ್ನ ಕೈಚೀಲ ದಾರಿಯುದ್ದಕ್ಕೂ ಗಂಟೆ ಬಾರಿಸುತ್ತ ಬಂತು. ಒಳಗಿದ್ದದ್ದು ಒಂದು ಹಿತ್ತಾಳೆಯ ಚಿಲಕ, ಪಕ್ಕದಲ್ಲಿ ಖಾಲಿಯಾದ ಊಟದ ಡಬ್ಬಿ. ಬಸ್ಸು ವಾಲಿದಾಗಲೆಲ್ಲ ಎರಡೂ ಒಂದಕ್ಕೊಂದು ತಾಗಿ ಟಣ್ ಅನ್ನುತ್ತಿದ್ದವು. ಬಿಣಗಾದಲ್ಲಿ ಹತ್ತಿ ನನ್ನ ಪಕ್ಕ ಕೂತ ಹೆಂಗಸು ಸ್ವಲ್ಪ ಹೊತ್ತು ಸಹಿಸಿಕೊಂಡಳು. ಆಮೇಲೆ ಪೂರ್ತಿ ನನ್ನ ಕಡೆ ತಿರುಗಿದಳು.

“ಎಂತದು ತಂಗೀ, ದೇವರ ಗಂಟೆಯಾ?”

“ಅಲ್ಲ, ಚಿಲಕ.”

“ಮನೆ ಕಟ್ಟಿಸ್ತಾ ಇದ್ರಾ?”

“ಇಲ್ಲ. ಇದ್ದ ಮನೇದೇ ಒಂದು ಕೋಣೆಗೆ. ಮನ್ಗೂ ಕೋಣೆ. ಒಳಗಿಂದ ಹಾಕೂಕೆ.”

“ಒಳಗಿಂದಾ?” ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ಎಂತಕೆ? ನಿಮ್ಮನೇಲಿ ಬೆಕ್ಕಿಲ್ವಾ?”

ಈ ಪ್ರಶ್ನೆ ನಿಮಗೆ ವಿಚಿತ್ರ ಅನ್ನಿಸಿದರೆ ನೀವು ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಉಳಿದವರಲ್ಲ. ನನಗಂತೂ ಅದು ತೀರ ನ್ಯಾಯವಾದ ಪ್ರಶ್ನೆ ಅನ್ನಿಸಿತು. ಅಂಕೋಲೆಯ ಬೊಬ್ರುವಾಡದ ನಮ್ಮ ಮನೆಯಲ್ಲಿ ಕೋಣೆಗಳ ಬಾಗಿಲಿಗೆಲ್ಲ ಚಿಲಕಗಳಿವೆ. ಎಲ್ಲವೂ ಹೊರಗಡೆ. ಕೋಣೆ ಎಂದರೆ ಸಾಮಾನು ಇರುವ ಜಾಗ, ಚಿಲಕ ಎಂದರೆ ಆ ಸಾಮಾನನ್ನು ಬೆಕ್ಕು, ಕೋಳಿ ಮತ್ತು ಮಕ್ಕಳಿಂದ ಕಾಯುವ ಸಾಧನ. ಕೋಣೆಯ ಒಳಗೆ ಒಬ್ಬ ಮನುಷ್ಯ ಇದ್ದು, ಹೊರಗಿನವರು ಬೇಡವೆಂದು ತಾನೇ ಬಾಗಿಲು ಹಾಕಿಕೊಳ್ಳಬಹುದು ಎಂಬ ಯೋಚನೆ ಮನೆ ಕಟ್ಟಿಸಿದ ಅಜ್ಜನಿಗೂ ಬಂದಿರಲಿಲ್ಲ, ಬಾಗಿಲು ಮಾಡಿದ ಆಚಾರಿಗೂ ಬಂದಿರಲಿಲ್ಲ. ಬಚ್ಚಲಮನೆಗೆ ಮಾತ್ರ ಒಳಗಿಂದ ಒಂದು ಅಗಳಿ ಇತ್ತು. ಅದನ್ನು ಹಾಕಿಕೊಂಡವರಿಗೂ ಹೊರಗಿನಿಂದ “ಆಯ್ತಾ? ಇನ್ನೂ ಆಗಿಲ್ವಾ?” ಎಂಬ ವಿಚಾರಣೆ ತಪ್ಪುತ್ತಿರಲಿಲ್ಲ.

ನಾನು ಕಾರವಾರದ ಒಂದು ಕಚೇರಿಯ ದಾಖಲೆ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಆ ಕೆಲಸ ಸಿಗದಿದ್ದರೂ ದಾಖಲೆ ಇಡುತ್ತಲೇ ಇರುತ್ತಿದ್ದೆ, ಸಂಬಳ ಬರುತ್ತಿರಲಿಲ್ಲ ಅಷ್ಟೆ. ಐದನೇ ಕ್ಲಾಸಿನಿಂದ ನನಗೆ ದಿನಚರಿಯ ಚಟ. ಅದರಲ್ಲಿ ಮನಸ್ಸು, ಕನಸು ಇತ್ಯಾದಿ ಇಲ್ಲ. ಗೆರೆ ಎಳೆದ ಕಾಲಂಗಳಿವೆ. ಮಳೆ ಬಂತೋ ಇಲ್ಲವೋ, ಊಟಕ್ಕೆ ಯಾವ ಮೀನು, ಮನೆಗೆ ಯಾರು ಬಂದರು, ಯಾರು ಎಲ್ಲಿ ಮಲಗಿದರು. ಈ ಕೊನೆಯ ಕಾಲಂ ನೋಡಿದ ದಿನದಿಂದ ಅಣ್ಣ ಗಿರೀಶ ನನ್ನನ್ನು ‘ಜನಗಣತಿ’ ಎಂದು ಕರೆಯುತ್ತಾನೆ.

ಆದರೆ ನೀವೇ ಹೇಳಿ, ನಮ್ಮ ಮನೆಯಲ್ಲಿ ಬರೆದಿಡಬೇಕಾದ ಸಂಗತಿ ಅದೇ ಆಗಿತ್ತು. ನಾವೆಲ್ಲ ಮಲಗುತ್ತಿದ್ದದ್ದು ನಡುಮನೆಯಲ್ಲಿ, ಜಗಲಿಯ ಬಾಗಿಲಿನಿಂದ ಅಡುಗೆಮನೆಯ ಬಾಗಿಲವರೆಗೆ ಸಾಲಾಗಿ ಚಾಪೆ ಹಾಸಿಕೊಂಡು. ಮೊದಲು ಅಪ್ಪ, ಕಳ್ಳ ಬಂದರೆ ಅಪ್ಪನನ್ನೇ ಎಡವಿ ಬೀಳಲಿ ಎಂದು. ಆಮೇಲೆ ಅಣ್ಣ, ನಾನು, ಅವ್ವ. ಕಟ್ಟಕಡೆಗೆ, ಅಡುಗೆಮನೆಯ ಹೊಸ್ತಿಲ ಬಳಿ, ಸುಶೀಲತ್ತೆ. ಸುಶೀಲತ್ತೆ ಅಪ್ಪನ ತಂಗಿ. ಮದುವೆಯಾಗಲಿಲ್ಲ. ಊರಿನ ಅಂಗನವಾಡಿಯಲ್ಲಿ ಸಹಾಯಕಿ. ಬೇಸಿಗೆಯಲ್ಲಿ ಸಾಲು ಸಾಲೇ ಜಗಲಿಗೆ ಹೋಗುತ್ತಿತ್ತು. ಮಳೆಗಾಲದಲ್ಲಿ ಸೋರುವ ಜಾಗವನ್ನು ತಪ್ಪಲೆಗೆ ಬಿಟ್ಟುಕೊಟ್ಟು ನಾವು ಅತ್ತಿತ್ತ ಸರಿಯುತ್ತಿದ್ದೆವು. ಚೌತಿಗೆ ಮುಂಬಯಿಯ ನೆಂಟರು ಬಂದರೆ ಕಾಲು ಯಾರದು, ತಲೆ ಯಾರದು ಎಂದು ತಿಳಿಯದಷ್ಟು ಒತ್ತೊತ್ತು. ಏನೇ ಬದಲಾದರೂ ಹೊಸ್ತಿಲ ಬಳಿಯ ಆ ಒಂದು ಚಾಪೆ ಮಾತ್ರ ಕದಲುತ್ತಿರಲಿಲ್ಲ. ಬೇಗ ಎದ್ದು ಒಲೆ ಹಚ್ಚುವವಳಿಗೆ ಅದೇ ಅನುಕೂಲ ಎಂದು ಎಲ್ಲರೂ ತಿಳಿದಿದ್ದೆವು.

ಹಾಗಾದರೆ ಕೋಣೆಗಳಲ್ಲಿ ಏನಿತ್ತು ಎನ್ನುತ್ತೀರಾ? ಕೋಣೆ ಎರಡು. ಒಂದು ಅಕ್ಕಿ ಕೋಣೆ. ಹೆಸರು ಅಕ್ಕಿಯದು, ಸಂಸಾರ ಮಾತ್ರ ತೆಂಗಿನಕಾಯಿ, ಹುಣಸೆ, ಉಪ್ಪಿನ ಭರಣಿ, ಮುರಿದ ಛತ್ರಿ ಎಲ್ಲವುಗಳದ್ದು. ಇನ್ನೊಂದು, ಅಪ್ಪ ಹುರುಪಿನಿಂದ ಕಟ್ಟಿಸಿದ ‘ಬೆಡ್‌ರೂಮ್’. ಅದರಲ್ಲಿ ಹಲಸಿನ ಮರದ ಒಂದು ಮಂಚ. ಮಂಚದ ಮೇಲೆ ನಮ್ಮೆಲ್ಲರ ಸುತ್ತಿಟ್ಟ ಚಾಪೆ, ದಿಂಬು, ಹೊದಿಕೆ. ಮಂಚದ ಕೆಳಗೆ ಬೇಸಿಗೆಯಲ್ಲಿ ಹುಲ್ಲು ಹರಡಿ ಹಣ್ಣಿಗಿಟ್ಟ ಈಶಾಡ ಮಾವು. ಹೀಗೆ ನಮ್ಮ ಬೆಡ್‌ರೂಮಿನಲ್ಲಿ ಹಾಸಿಗೆಗಳು ಮಂಚದ ಮೇಲೆ ಆರಾಮಾಗಿ ಮಲಗಿರುತ್ತಿದ್ದವು, ಮನುಷ್ಯರು ಹೊರಗೆ ನೆಲದ ಮೇಲೆ. ಮನುಷ್ಯರಿಗೆ ಆ ಮಂಚ ಸಿಗುತ್ತಿದ್ದದ್ದು ಜ್ವರ ಬಂದಾಗ ಮಾತ್ರ.

ಈ ತಿಳಿವಳಿಕೆಯನ್ನು ಇಟ್ಟುಕೊಂಡೇ ನಾನು ಏಳನೇ ಕ್ಲಾಸಿನಲ್ಲಿ ಪ್ರಬಂಧ ಸ್ಪರ್ಧೆಗೆಂದು ಅಪ್ಪನ ಜೊತೆ ಕಾರವಾರಕ್ಕೆ ಹೋದದ್ದು. ಅಪ್ಪನ ಗೆಳೆಯರೊಬ್ಬರ ಕ್ವಾರ್ಟರ್ಸಿನಲ್ಲಿ ಉಳಿದೆವು. ಅವರ ಮಗಳು ನನ್ನದೇ ವಯಸ್ಸಿನವಳು, ಹಗಲು ಹೊತ್ತಿನಲ್ಲಿ ಮಂಚದ ಮೇಲೆ ಕಾಲು ಚಾಚಿ ಪುಸ್ತಕ ಓದುತ್ತಿದ್ದಳು. ನನಗೆ ಗಾಬರಿಯಾಯಿತು.

“ಜ್ವರ ಬಂತಾ?”

“ಇಲ್ವಲ್ಲ. ಯಾಕೆ? ಇದು ನನ್ನ ರೂಮು.”

“ನಿಮ್ಮನೆಯವರೆಲ್ಲ ಎಲ್ಲಿ ಮನ್ಗೂದು?”

“ಅವರವರ ರೂಮಲ್ಲಿ.”

“ಹಂಗಾರೆ ನಾಳೆ ತಿಂಡಿ ಎಂತ ಅಂತ ನಿಂಗೆ ಯಾವಾಗ ಗೊತ್ತಾಗೂದು?”

ಅವಳು ಸ್ವಲ್ಪ ಯೋಚಿಸಿ, “ತಿನ್ನುವಾಗ” ಎಂದಳು.

ನಮ್ಮ ಮನೆಯಲ್ಲಿ ದೀಪ ಆರಿಸಿದ ಮೇಲೆಯೇ ಮನೆಯ ಮುಖ್ಯ ವ್ಯವಹಾರಗಳು ನಡೆಯುತ್ತಿದ್ದದ್ದು. ನಾಳೆಯ ತಿಂಡಿ, ಯಾರ ಮನೆಯ ಆಕಳು ಕರು ಹಾಕಿತು, ಅಣ್ಣನಿಗೆ ಗಣಿತದಲ್ಲಿ ಎಷ್ಟು ಬಂತು, ಎಲ್ಲವೂ ಕತ್ತಲಲ್ಲಿ ಒಂದು ಚಾಪೆಯಿಂದ ಇನ್ನೊಂದು ಚಾಪೆಗೆ ದಾಟುತ್ತಿದ್ದವು. ಆ ಹುಡುಗಿಗೆ ಇದೊಂದೂ ಇಲ್ಲವಲ್ಲ ಎಂದು ನನಗೆ ಸಂಕಟವಾಯಿತು. ದಿನಚರಿಯ ಕೊನೆಯ ಕಾಲಂನಲ್ಲಿ ಅವಳ ಹೆಸರು ಬರೆದು ಮುಂದೆ ‘ಪಾಪ’ ಎಂದು ಸೇರಿಸಿದೆ. ಪ್ರಬಂಧದಲ್ಲಿ ಬಹುಮಾನ ಬರಲಿಲ್ಲ, ಅದನ್ನೂ ಬರೆದಿದ್ದೇನೆ.

ಈ ವರ್ಷ ಅಣ್ಣನ ಮದುವೆ ಗೊತ್ತಾಯಿತು. ಹುಡುಗಿ ಚೆಂಡಿಯಾದ ಅಶ್ವಿನಿ. ಸೊಸೆ ಬರುವ ಮೊದಲು ಬೆಡ್‌ರೂಮಿನಿಂದ ಹಾಸಿಗೆಗಳನ್ನು ಎಬ್ಬಿಸಿ ಜನರನ್ನು ಮಲಗಿಸುವ ವ್ಯವಸ್ಥೆ ಆಗಬೇಕಿತ್ತು. ಚೌಕುಳಿ ಹಾಳೆ ಮತ್ತು ಪೆನ್ಸಿಲ್ ನನ್ನ ಬಳಿ ಇದ್ದದ್ದರಿಂದ ನಕ್ಷೆ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಒಂದು ಭಾನುವಾರ ಜಗಲಿಯ ಮೇಲೆ ಚಹಾ ಕುಡಿಯುತ್ತ ಸಭೆ ಸೇರಿತು. ಅಪ್ಪ ಬಸ್ಸಿನ ಡ್ರೈವರ್ ಆಗಿದ್ದು ನಿವೃತ್ತನಾದವನು. ಅವನ ಮಾತಿನಿಂದಲೇ ಶುರು.

“ನಾ ನೈಟ್ ಹಾಲ್ಟಿಗೆ ಹೋದಲ್ಲೆಲ್ಲ ಬಸ್ಸಿನ ಸೀಟಿನ ಮೇಲೇ ಮನ್ಗಿದ್ದು. ನಿದ್ರೆ ಬಂದಲ್ಲೇ ಬೆಡ್‌ರೂಮು.”

“ಸೊಸೆ ಬರೂದು ಮನೆಗೆ, ನಿಮ್ಮ ಬಸ್ಸಿಗಲ್ಲ,” ಎಂದಳು ಅವ್ವ. “ತಂಗೀ, ಆ ಗೋಡೆ ಮೇಲೆ ಒಂದು ಅಟ್ಟ ಬರಿ. ಹಿತ್ತಾಳೆ ಪಾತ್ರೆ ಇಡೂಕೆ.”

“ಬೆಡ್‌ರೂಮಲ್ಲಿ ಪಾತ್ರೆ ಎಂತಕೆ ಅವ್ವಾ?” ಅಣ್ಣನಿಗೆ ತಡೆಯಲಾಗಲಿಲ್ಲ. ಅವನದು ವೈರಿಂಗ್ ಕೆಲಸ, ಅವನಿಗೆ ಬೇಕಿದ್ದದ್ದು ಮಂಚದ ತಲೆಯ ಹತ್ತಿರ ಎರಡು ಪ್ಲಗ್ ಪಾಯಿಂಟ್.

“ಪಾತ್ರೆ ಎಂತ ನಿನ್ನ ಕಚ್ತದಾ?”

ಅತ್ತೆ ಮೂಲೆಯಲ್ಲಿ ಕೂತು ಸಿಗಡಿ ಸುಲಿಯುತ್ತಿದ್ದಳು. ಮಾತು ಒಂದು ಕ್ಷಣ ನಿಂತಾಗ, ಕೈ ನಿಲ್ಲಿಸದೆ ಹೇಳಿದಳು.

“ಮದ್ವೆ ಮುಗಿದ ಮೇಲೆ ನಾ ಹಾರವಾಡಕ್ಕೆ ಹೋಗ್ತೆ. ಅಕ್ಕನ ಮನೇಲಿ ಇರ್ತೆ.”

“ಎಷ್ಟು ದಿನ?” ಎಂದು ಕೇಳಿದ ಅಪ್ಪ.

“ಇರ್ತೆ ಅಂದೆ. ಅಂಗನವಾಡಿಗೆ ಅಲ್ಲಿಂದಲೇ ಬಂದು ಹೋಗೂಕಾಗ್ತದೆ. ಬೆಳಿಗ್ಗೆ ಬಸ್ಸದೆ, ಕೇಳ್ಕಂಡೆ.”

ಬಸ್ಸಿನ ಹೊತ್ತನ್ನೂ ವಿಚಾರಿಸಿ ಆಗಿತ್ತು! ಚಹಾ ಆರಿತು. ಹಾರವಾಡದಲ್ಲಿ ದೊಡ್ಡತ್ತೆಯ ಮನೆ ಇರುವುದು ನಿಜ, ಆದರೆ ಅತ್ತೆ ಅಲ್ಲಿಗೆ ಹೋದರೆ ಸಂಜೆಯೇ ವಾಪಸ್ಸು ಬರುವವಳು. ಅವಳಿಲ್ಲದ ನಮ್ಮ ಮನೆ ಹೇಗಿರುತ್ತದೆ ಎಂದು ಯಾರಿಗೂ ಗೊತ್ತಿರಲಿಲ್ಲ, ಯಾಕೆಂದರೆ ಅಂಥ ಮನೆಯನ್ನು ನಾವು ಯಾರೂ ನೋಡಿಯೇ ಇರಲಿಲ್ಲ.

ಮಾರನೆಯ ದಿನ ಬಟ್ಟೆ ಒಣಹಾಕುವಾಗ, ಯಾಕೆ ಹೋಗುತ್ತೀ ಎಂದು ಅವಳ ಬೆನ್ನು ಹತ್ತಿದೆ. ಸೀರೆಯ ಆಚೆ ನಿಂತುಕೊಂಡು, ಮುಖ ಕಾಣದ ಹಾಗೆ, ಕೊನೆಗೆ ಹೇಳಿದಳು.

“ನನ್ನ ಗೊರಕೆ ಮಾರಾಯ್ತಿ.”

ಅತ್ತೆಯ ಗೊರಕೆ ನಮ್ಮ ಮನೆಯ ಹಳೆಯ ತಮಾಷೆ. ಬೆಳಿಗ್ಗೆ ದೋಸೆ ತಿನ್ನುತ್ತ ಅಪ್ಪ, “ನಿನ್ನೆ ಗೂಡ್ಸ್ ಗಾಡಿ ಹಾರವಾಡ ಸ್ಟೇಷನ್ನಲ್ಲಿ ನಿಲ್ಲಲೇ ಇಲ್ಲ, ಸೀದಾ ನಮ್ಮ ಅಡುಗೆಮನೆಗೇ ಬಂತು” ಎನ್ನುತ್ತಿದ್ದ. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವಳು ಅತ್ತೆಯೇ.

“ನಿಮಗೆಲ್ಲ ರೂಢಿ ಆಗಿದೆ. ಆ ಹುಡುಗಿ ಹೊಸಾದು. ಹೆದರ್ಕಂಡ್ರೆ? ಅಪ್ಪನ ಮನೇಲಿ ಹೋಗಿ ಹೇಳ್ದ್ರೆ?”

“ಅಷ್ಟೇಯಾ?”

“ಅಷ್ಟೇಯಾ ಅಂತೆ! ನಿಂಗೆಂತ ಗೊತ್ತು? ನೀವೆಲ್ಲ ಮನ್ಗಿದ ಮೇಲೇ ನಾ ಮನ್ಗೂದು. ನೀವು ಏಳೂಕೆ ಮೊದ್ಲು ಏಳೂದು. ಅಷ್ಟಾದ್ರೂ ಕಮ್ಮಿ ಕೇಳ್ಲಿ ಅಂತ. ಈಗ ವಯಸ್ಸಾಯ್ತು ತಂಗೀ. ಕಣ್ಣು ಎಳೀತದೆ, ತಡ್ಯೂಕಾಗೂದಿಲ್ಲ.”

ಅತ್ತೆ ಎಲ್ಲರಿಗಿಂತ ಕೊನೆಗೆ ಮಲಗುವುದನ್ನೂ ಮೊದಲು ಏಳುವುದನ್ನೂ ನಾನು ಎಷ್ಟೋ ಸಲ ಮೆಚ್ಚಿ ಬರೆದಿದ್ದೆ, ಶಿಸ್ತು ಎಂದುಕೊಂಡು. ಅಂಗನವಾಡಿಯಲ್ಲಿ ದಿನಾ ಮಧ್ಯಾಹ್ನ ಊರಿನ ಮಕ್ಕಳನ್ನೆಲ್ಲ ಬೆನ್ನು ತಟ್ಟಿ ಮಲಗಿಸುವವಳು ಅವಳು. ಯಾವ ಮಗುವಿಗೆ ಬೆನ್ನು ತಟ್ಟಬೇಕು, ಯಾವುದಕ್ಕೆ ಕಿವಿಯ ಹಿಂದೆ ಸವರಬೇಕು, ಯಾವುದು ಕೈಯಲ್ಲಿ ಚಿಂದಿ ಬಟ್ಟೆ ಹಿಡಿಯದೆ ಕಣ್ಣು ಮುಚ್ಚುವುದಿಲ್ಲ, ಎಲ್ಲ ಅವಳಿಗೆ ಬಾಯಿಪಾಠ. ಅವಳಿಗೇ ಒಂದು ದಿನವೂ ಅಂಜಿಕೆಯಿಲ್ಲದ ನಿದ್ರೆ ಇರಲಿಲ್ಲ.

ಅವಳು ಅಂ‌ಗನವಾಡಿಗೆ ಹೋದ ಮೇಲೆ ಮನೆಯಲ್ಲಿ ಹೇಳಿದೆ. ಅಪ್ಪ ಲೋಟ ಕೆಳಗಿಟ್ಟ. “ನಾ ತಮಾಷೆಗೆ ಅಂದಿದ್ದು...” ಎಂದ. ಅಣ್ಣನೇ, “ಅತ್ತೆಗೂ ಒಂದು ರೂಮ್ ಮಾಡ್ವಾ” ಎಂದ. ಎಲ್ಲಿ ಎಂದು ಯಾರೂ ಕೇಳಲಿಲ್ಲ. ಎಲ್ಲರ ಕಣ್ಣೂ ಅಕ್ಕಿ ಕೋಣೆಯ ಕಡೆ ಹೋಗಿತ್ತು.

“ಮತ್ತೆ ಅಕ್ಕಿ ಎಲ್ಲಿಡೂದು?” ಎಂದಳು ಅವ್ವ.

“ಅಕ್ಕಿ ಗೊರಕೆ ಹೊಡೆಯೂದಿಲ್ಲ,” ಎಂದ ಅಪ್ಪ. “ಅದು ನಡುಮನೇಲಿ ಮನ್ಗ್ಲಿ.”

ಸಂಜೆ ಅತ್ತೆಗೆ ತಿಳಿಸಿದಾಗ ಅವಳು ನಾಚಿಕೊಂಡಷ್ಟು ಮದುವೆಯ ಹುಡುಗಿಯೂ ನಾಚಿರಲಿಕ್ಕಿಲ್ಲ. ಒಬ್ಬಳಿಗೆ ಒಂದು ಕೋಣೆಯಾ, ಊರಿನವರು ನಗುತ್ತಾರೆ, ಹುಣಸೆಹಣ್ಣಿಗೆ ಗಾಳಿ ತಾಗಿದರೆ ಹಾಳಾಗುತ್ತದೆ, ಹೀಗೆ ಹುಣಸೆಹಣ್ಣಿನ ಪರವಾಗಿಯೂ ವಾದಿಸಿದಳು. ಕೊನೆಗೆ ಒಂದು ಷರತ್ತು ಹಾಕಿದಳು. “ಹೊರಗೆ ಕೇಳ್ದಿದ್ರೆ ಇರ್ತೆ. ಕೇಳ್ತದೆ ಅಂದ್ರೆ ಹಾರವಾಡ.”

ಹಾಗಾಗಿ ನನ್ನ ನಕ್ಷೆಯ ಉದ್ದೇಶವೇ ಬದಲಾಯಿತು. ಗೋಡೆ ಚಿರೆಕಲ್ಲಿನದು, ದಪ್ಪ, ಆ ಚಿಂತೆಯಿಲ್ಲ. ಪ್ಲೈವುಡ್ ಬೇಡ, ಗಟ್ಟಿ ಮರದ ಬಾಗಿಲೇ ಇರಲಿ ಎಂದು ಮಂಜು ಆಚಾರಿಗೆ ಹೇಳಿದ್ದಾಯಿತು. ಕಿಟಕಿಗೆ ಮಾತ್ರ ಹೊಸದಾಗಿ ಗೋಡೆ ಒಡೆಯಬೇಕಿತ್ತು. ಹಿತ್ತಲ ಕಡೆ ಇಟ್ಟರೆ ಬಾವಿ, ತುಳಸಿ, ಒಣಹಾಕಿದ ಬಟ್ಟೆ ಎಲ್ಲ ಕಾಣುತ್ತದೆ, ಅತ್ತೆಗೆ ಅದೇ ಇಷ್ಟ ಎಂದು ನಾನು ಆಗಲೇ ಗೆರೆ ಎಳೆದಿದ್ದೆ. ಸುಮ್ಮನೆ ಒಂದು ಮಾತು ಕೇಳಿದೆ.

“ಹಿತ್ತಲ ಕಡೆ ಬೇಡ,” ಎಂದಳು ಅತ್ತೆ, ತಟ್ಟನೆ. “ಹಿತ್ತಲು ಕಂಡ್ರೆ ಕೆಲಸ ಕಾಣ್ತದೆ. ಆ ಬದಿಗೆ ಇರ್ಲಿ, ಗೇರುಮರದ ಕಡೆ. ಅಲ್ಲಿ ಎಂತದೂ ಕೆಲಸ ಇಲ್ಲ.”

ನಾನು ರಬ್ಬರ್ ತೆಗೆದುಕೊಂಡು ಕಿಟಕಿ ಅಳಿಸಿದೆ. ಮಲಗುವ ಕೋಣೆ ಹೇಗಿರಬೇಕೆಂದು ನನ್ನ ಫೋನಿನಲ್ಲಿ ನೋಡಿದ ಯಾವ ಚಿತ್ರದಲ್ಲೂ ಇಷ್ಟು ಸರಿಯಾದ ಮಾತು ಇರಲಿಲ್ಲ.

ಬಾಗಿಲು ನಿಂತ ದಿನ ಮಧ್ಯಾಹ್ನ ಪರೀಕ್ಷೆ ಮಾಡಿದೆವು. ಅಣ್ಣ ಕೋಣೆಯ ಒಳಗೆ ಗೊರಕೆ ಹೊಡೆಯಬೇಕು, ನಾನು ಪೆನ್ಸಿಲ್ ಹಿಡಿದು ನಡುಮನೆ, ಅಡುಗೆಮನೆ, ಜಗಲಿ ಎಲ್ಲ ಕಡೆ ನಿಂತು ಎಷ್ಟು ಕೇಳಿಸುತ್ತದೆ ಎಂದು ಬರೆದುಕೊಳ್ಳಬೇಕು. ಅಣ್ಣ ಮೊದಲು ನಾಚಿದ. ಆಮೇಲೆ ಅವನಿಗೆ ಹುರುಪು ಬಂತು. ಗೊರಕೆಗೆ ಸೀಟಿ ಸೇರಿತು, ನಡುವೆ ಕೆಮ್ಮು, ಬಾಯಿ ಚಪ್ಪರಿಸುವುದು. ನಾನು ಬರೆದುಕೊಳ್ಳುತ್ತ ಜಗಲಿಗೆ ಬಂದರೆ ಅಲ್ಲಿ ಅಶ್ವಿನಿಯ ಅಪ್ಪ ಕೊಡೆ ಮಡಚುತ್ತ ನಿಂತಿದ್ದರು. ಮದುವೆಯ ಮಾತಿಗೆ ಚೆಂಡಿಯಾದಿಂದ ಬಂದವರು.

“ಯಾರಿಗೆ ಹುಷಾರಿಲ್ಲ?” ಎಂದು ಕೇಳಿದರು, ತೀರ ಕಾಳಜಿಯಿಂದ.

ಅದೇ ಹೊತ್ತಿಗೆ ಅತ್ತೆ ಅಂಗನವಾಡಿಯಿಂದ ಬಂದು ಅಂಗಳದಲ್ಲಿ ನಿಂತಳು. ಒಳಗಿನಿಂದ ಸೀಟಿ ಬಂತು. ಅತ್ತೆಯ ಮುಖ ಬಿಳಿಚಿತು. ಅಷ್ಟರಲ್ಲಿ ಅಣ್ಣ ಬಾಗಿಲು ತೆಗೆದುಕೊಂಡು, “ಹ್ಯಾಂಗಿತ್ತು?” ಎನ್ನುತ್ತ ಹೊರಗೆ ಬಂದವನು ಮಾವನನ್ನೂ ಅತ್ತೆಯನ್ನೂ ನೋಡಿದ.

“ನಂದೇ ಮಾವಾ. ನಂಗೆ ಸ್ವಲ್ಪ ಗೊರಕೆ ಅದೆ. ಮೊದ್ಲೇ ಹೇಳೂದು ಒಳ್ಳೇದಲ್ವಾ.”

ಅವರು ನಕ್ಕುಬಿಟ್ಟರು. “ಹೊಡಿ ಮಾರಾಯಾ, ಅದಕ್ಕೆಂತ! ನಮ್ಮ ಹಳೆ ಮನೇಲಿ, ನೌಕಾನೆಲೆ ಮಾಡೂಕೆ ಅಂತ ನೇವಿಯವರು ತಕಂಡ್ರಲ್ಲ, ಆ ಮನೇಲಿ ನಾವೆಲ್ಲ ಒಂದೇ ಕಡೆ ಮನ್ಗೂದು. ಈಗ ಕಾಲನಿ ಮನೇಲಿ ಎಲ್ಲರಿಗೂ ಒಂದೊಂದು ರೂಮು. ಮೊದ್ಮೊದ್ಲು ಯಾರ ಉಸಿರೂ ಕೇಳೂದಿಲ್ಲ ಅಂತ ನಾನೇ ಎದ್ದೆದ್ದು ಎಲ್ಲರ ಬಾಗ್ಲಲ್ಲಿ ನಿಂತು ಬತ್ತಿದ್ದೆ.”

ಆ ಸಂಜೆ ಅಣ್ಣನ ತಟ್ಟೆಗೆ ಎಲ್ಲರಿಗಿಂತ ಹೆಚ್ಚು ಸಿಗಡಿ ಬಿತ್ತು. ಆದರೆ ಪರೀಕ್ಷೆಯ ಫಲಿತಾಂಶ ಜಗಲಿಯವರೆಗೂ ಕೇಳಿಸಿತ್ತಲ್ಲ. “ಕಿಟಕಿ ತೆಗೆದಿತ್ತು ಅತ್ತೆ, ಅದಕ್ಕೇ” ಎಂದೆ. ಅತ್ತೆ, “ಮದ್ವೆ ಮುಗೀಲಿ, ನೋಡ್ವಾ” ಎಂದಳು. ಎರಡು ದಿನದ ನಂತರ ಅಡುಗೆಮನೆಯ ಹೊಸ್ತಿಲ ಪಕ್ಕ ಅವಳ ನೀಲಿ ಬ್ಯಾಗು ಬಂದು ನಿಂತಿತು, ಜಿಪ್ ಎಳೆದುಕೊಂಡು. ನಾವೆಲ್ಲ ಅದನ್ನು ಸುತ್ತುಹಾಕಿಕೊಂಡು ಓಡಾಡಿದೆವು.

ಮದುವೆ ಆಯಿತು. ಅಶ್ವಿನಿ ಅತ್ತಿಗೆ ಬಂದಳು. ಮದುವೆಯ ಹಿಂದಿನ ದಿನದ ಗಡಿಬಿಡಿಯಲ್ಲಿ ಮಂಜು ಆಚಾರಿ ಬಂದು ಅತ್ತೆಯ ಕೋಣೆಗೆ ಚಿಲಕ ಹಾಕಿ ಹೋಗಿದ್ದ. ಹೊರಗಡೆ. ಅದು ತಪ್ಪು ಎಂದು ಅವನಿಗೂ ಅನ್ನಿಸಲಿಲ್ಲ, ನಮಗೂ ಅನ್ನಿಸಲಿಲ್ಲ. ಊರಿನ ಚಿಲಕಗಳೆಲ್ಲ ಇರುವ ಕಡೆಯೇ ಇದೂ ಇತ್ತು. ಆದರೆ ಆ ಬಾಗಿಲಿಗೆ ಒಂದು ದೋಷವಿತ್ತು, ಮುಚ್ಚಿದರೆ ತಾನಾಗಿಯೇ ನಿಧಾನಕ್ಕೆ ತೆರೆದುಕೊಳ್ಳುತ್ತಿತ್ತು. ಅತ್ತೆ ಹೊಸ ಕೋಣೆಗೆ ಹೋದಳು ನಿಜ. ಅರ್ಧ ತೆರೆದ ಬಾಗಿಲ ಹಿಂದೆ ಮತ್ತದೇ ಹಳೆಯ ಕಥೆ, ಎಲ್ಲರೂ ಮಲಗಲಿ ಎಂದು ಕಾಯುವುದು. ಅವಳ ಕಣ್ಣ ಕೆಳಗಿನ ಕಪ್ಪು ಹೋಗಲಿಲ್ಲ, ಹೊಸ್ತಿಲ ಬಳಿಯ ಬ್ಯಾಗೂ ಹೋಗಲಿಲ್ಲ.

ಆಮೇಲೆ ಆ ಭಾನುವಾರ. ಬಂಗಡೆ ಸಾರಿನ ಊಟ ಮುಗಿಸಿ ಎಲ್ಲರೂ ಒಂದೊಂದು ಕಡೆ ಇದ್ದೆವು. ಚಹಾದ ಹೊತ್ತಿಗೆ ಅವ್ವ, “ಸುಶೀಲಾ ಎಲ್ಲಿ?” ಎಂದಳು. ಹಿತ್ತಲಲ್ಲಿ ಇಲ್ಲ. ಬಾವಿಯ ಹತ್ತಿರ ಇಲ್ಲ. ಅವಳ ಕೋಣೆಗೆ ಹೊರಗಿನಿಂದ ಚಿಲಕ ಹಾಕಿತ್ತು, ಅಂದರೆ ಅಲ್ಲೂ ಇಲ್ಲ. ಆಗ ಅಣ್ಣ ಹೊಸ್ತಿಲ ಕಡೆ ಕೈ ತೋರಿಸಿದ. ಬ್ಯಾಗು ಇರಲಿಲ್ಲ.

ಅಪ್ಪ ಹಾರವಾಡಕ್ಕೆ ಫೋನು ಮಾಡಿದ. ದೊಡ್ಡತ್ತೆಯ ದನಿ ನಡುಮನೆಗೆಲ್ಲ ಕೇಳಿಸಿತು. “ಇಲ್ಲಿಗೆ ಬರ್ಲಿಲ್ಲ. ಎಂತ ಅಂದ್ರಿ ನೀವು ಅದಕ್ಕೆ?”

ಅವ್ವ ಅಕ್ಕಿ ಮೂಟೆಯ ಮೇಲೆ ಕುಸಿದು ಕೂತಳು. ಅಪ್ಪ ಅಂಗಿಯ ಗುಂಡಿಗಳನ್ನು ಒಂದು ತೂತು ತಪ್ಪಿಸಿ ಹಾಕಿಕೊಂಡು, “ನಾನೇ ಹೋಗ್ತೆ, ಬಸ್‌ಸ್ಟಾಪಲ್ಲೇ ಇರ್ತದೆ, ನಾನೇ ಹೋಗ್ತೆ” ಎನ್ನುತ್ತಿದ್ದ. ಅಣ್ಣ ಅಂಗಳದಲ್ಲಿ ಬೈಕು ಒದೆಯುತ್ತಿದ್ದ, ಅದು ಎದ್ದೇಳುತ್ತಿರಲಿಲ್ಲ. ಹಿತ್ತಲ ಬಾಗಿಲಲ್ಲಿ ಅತ್ತೆಯ ಚಪ್ಪಲಿ ಇದ್ದ ಜಾಗದಲ್ಲೇ ಇದ್ದವು. ‘ಜನಗಣತಿ’ಯಾದ ನನ್ನ ಕಣ್ಣಿಗೆ ಅದೂ ಬೀಳಲಿಲ್ಲ.

“ನಾ ಬಂದೆ ಅಂತ ಹೋದ್ರಾ?” ಎಂದಳು ಅಶ್ವಿನಿ ಅತ್ತಿಗೆ, ನನ್ನ ಕಿವಿಯ ಹತ್ತಿರ. ಅವಳ ಕಣ್ಣು ತುಂಬಿತ್ತು. ಏನು ಹೇಳಲಿ? ಅಲ್ಲ ಎಂದರೆ ಸುಳ್ಳು, ಹೌದು ಎಂದರೆ ಇನ್ನೂ ದೊಡ್ಡ ಸುಳ್ಳು.

ಅತ್ತಿಗೆ ಇದ್ದಕ್ಕಿದ್ದಂತೆ ಕೈ ಎತ್ತಿದಳು. “ತಡೀರಿ.”

ಅಕ್ಕಿ ಕೋಣೆಯ ಕಡೆಯಿಂದ ಒಂದು ಸದ್ದು. ಅತ್ತಿಗೆ ಅಂಗಳದಲ್ಲಿ ಬೈಕು ಒದೆಯುತ್ತಿದ್ದ ಗಂಡನನ್ನು ನೋಡಿದಳು. ಬಾಗಿಲನ್ನು ನೋಡಿದಳು. ಮತ್ತೆ ಗಂಡನನ್ನು ನೋಡಿದಳು.

“ಇವರು ಇಲ್ಲಿದ್ದಾರೆ. ಹಂಗಾರೆ ಒಳಗೆ ಯಾರು?”

ಅವ್ವ ಬಾಯಿಗೆ ಸೆರಗು ಒತ್ತಿಕೊಂಡಳು. “ಅಯ್ಯೋ, ನಾನೇ! ಊಟ ಆದ್ಮೇಲೆ ಆ ಕಡೆಯಿಂದ ಬರುವಾಗ ಚಿಲಕ ಹಾಕಿದ್ದು ನಾನೇ. ಬೆಕ್ಕು ಹೋಗ್ತದೆ ಅಂತ.”

ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ಅವ್ವನ ಕೈ ಆ ಬಾಗಿಲ ಮುಂದೆ ಹಾದಾಗಲೆಲ್ಲ ಮಾಡಿದ ಕೆಲಸ ಅದು. ಒಳಗೆ ಈಗ ಅಕ್ಕಿಯಿಲ್ಲ, ನಾದಿನಿ ಇದ್ದಾಳೆ ಎಂದು ತಲೆಗೆ ಗೊತ್ತಿತ್ತು, ಕೈಗೆ ಯಾರೂ ಹೇಳಿರಲಿಲ್ಲ.

ಅಪ್ಪ ಮುಂದೆ ಹೋಗಿ ಚಿಲಕಕ್ಕೆ ಕೈ ಹಾಕಿದವನು ಹಾಗೇ ನಿಂತ. ಅಣ್ಣನೂ ಬಂದ. ಐದೂ ಜನ ಆ ಬಾಗಿಲ ಮುಂದೆ ಉಸಿರು ಬಿಗಿಹಿಡಿದು ನಿಂತೆವು. ಅದು ನಾವು ಕೇಳಿದ್ದ ಹಳೆಯ ಗೊರಕೆಯಲ್ಲ. ಆ ಗೊರಕೆ ಬರುತ್ತ ಬರುತ್ತ ಒಮ್ಮೆಲೇ ಕತ್ತರಿಸಿ ನಿಲ್ಲುತ್ತಿತ್ತು, ತನ್ನನ್ನು ತಾನೇ ಹಿಡಿದುಕೊಂಡ ಹಾಗೆ. ಇದು ಅಗಲವಾಗಿತ್ತು. ನಿಧಾನವಾಗಿ ಏರುತ್ತಿತ್ತು, ಅಲ್ಲೇ ಸ್ವಲ್ಪ ಹೊತ್ತು ನಿಲ್ಲುತ್ತಿತ್ತು, ಅವಸರವಿಲ್ಲದೆ ಇಳಿಯುತ್ತಿತ್ತು.

“ಇದು ಇಷ್ಟು ವರ್ಷ ಪೂರ್ತಿ ಬಂದೇ ಇರ್ಲಿಲ್ಲ,” ಎಂದ ಅಪ್ಪ, ಪಿಸುಮಾತಿನಲ್ಲಿ. ಆಮೇಲೆ ಕಳ್ಳನಿಗಿಂತ ಮೆಲ್ಲಗೆ ಚಿಲಕ ಸರಿಸಿದ. ಬಾಗಿಲು ತಾನಾಗಿ ತೆರೆದುಕೊಳ್ಳಲಿಲ್ಲ. ಸಂದಿಯಲ್ಲಿ ನೀಲಿ ಬಣ್ಣ ಕಂಡಿತು. ಬಾಗಿಲು ನಿಲ್ಲಲಿ ಎಂದು ಅತ್ತೆ ಒಳಗಿನಿಂದ ಒತ್ತಿಟ್ಟದ್ದು ಹಾರವಾಡಕ್ಕೆ ಹೊರಟಿದ್ದ ಆ ಬ್ಯಾಗನ್ನೇ.

ನಾವು ತುದಿಗಾಲಲ್ಲಿ ಹಿಂದೆ ಸರಿದು ಅಕ್ಕಿ ಮೂಟೆಗಳ ಸುತ್ತ ಕೂತೆವು. ಅಪ್ಪ ದೊಡ್ಡತ್ತೆಗೆ ಫೋನು ಮಾಡಿ, “ಸಿಕ್ತು” ಎಂದಷ್ಟೇ ಹೇಳಿ ಇಟ್ಟ. ಸಂಜೆ ಬಿಸಿಲು ಇಳಿದ ಮೇಲೆ ಬ್ಯಾಗು ಸರಿಸುವ ಸದ್ದಾಯಿತು. ಅತ್ತೆ ಹೊರಗೆ ಬಂದಳು, ಕೆನ್ನೆಯ ಮೇಲೆ ಚಾಪೆಯ ಗೆರೆ.

“ಎಂತ ಎಲ್ಲರೂ ಹಿಂಗೆ ಕೂತಿದ್ರಿ? ಯಾರಾದ್ರೂ ಹೋದ್ರಾ?”

“ಯಾರೂ ಹೋಗ್ಲಿಲ್ಲ,” ಎಂದ ಅಪ್ಪ.

ಅತ್ತಿಗೆ ಚಹಾ ತಂದು ಕೊಟ್ಟಳು. ಅತ್ತೆ ಅವಳ ಮುಖವನ್ನು ನೋಡಿ, ನಮ್ಮ ಮುಖಗಳನ್ನು ನೋಡಿ, ಲೋಟ ಹಿಡಿದ ಕೈಯನ್ನು ಮಡಿಲಿಗೆ ಇಳಿಸಿದಳು.

“ಕೇಳ್ತಾ?”

“ಕೇಳ್ತು ಸುಶೀಲತ್ತೆ,” ಎಂದಳು ಅಶ್ವಿನಿ ಅತ್ತಿಗೆ. “ನಮ್ಮಪ್ಪಂದೂ ಹಿಂಗೇ. ಬಂದಾಗಿಂದ ಈ ಮನೇಲಿ ಏನೋ ಕಮ್ಮಿ ಅದೆ ಅನ್ನಿಸ್ತಿತ್ತು. ನಂಗೆ ನಿದ್ರೇನೇ ಬತ್ತಿರ್ಲಿಲ್ಲ.” ಆಮೇಲೆ ಗಂಡನ ಕಡೆ ತಿರುಗಿ, “ಇವರು ಹೊಡೀತಾರೆ ಅಂತ ಅಪ್ಪ ಹೇಳಿದ್ದ. ಬರೀ ಬಾಯಿಮಾತು. ಒಂದು ದಿನವೂ ಹೊಡೀಲಿಲ್ಲ.”

ಅತ್ತೆ ನಕ್ಕಳು. ಎಲ್ಲರಿಗಿಂತ ಜೋರಾಗಿ ಅಲ್ಲ, ಎಲ್ಲರೂ ನಕ್ಕು ಮುಗಿದ ಮೇಲೆ, ತನ್ನಷ್ಟಕ್ಕೆ.

ಹೀಗೆ ಆ ಸೋಮವಾರ ಚಿಲಕ ನನ್ನ ಕೈಚೀಲಕ್ಕೆ ಬಂತು. ಬಸ್ಸಿನ ಹೆಂಗಸಿಗೆ ಇದನ್ನೆಲ್ಲ ಹೇಳುವಷ್ಟು ದಾರಿ ಉಳಿದಿರಲಿಲ್ಲ. ಮಂಗಳವಾರ ಮಂಜು ಆಚಾರಿ ಬಂದ. ಹೊರಗಿನದನ್ನು ತೆಗೆದೇಬಿಡು, ಇಲ್ಲದಿದ್ದರೆ ನನ್ನ ಕೈ ಕೇಳುವುದಿಲ್ಲ ಎಂದು ಅವ್ವ ಹಟ ಹಿಡಿದಳು. ಅವನು ಸ್ಕ್ರೂ ಬಿಚ್ಚುತ್ತ ಬಿಚ್ಚುತ್ತ ನಿಂತು, “ತೆಗ್ಯೂಕಾಗ್ತದೆ. ಮತ್ತೆ ಬೆಕ್ಕು?” ಎಂದ.

“ಬೆಕ್ಕು ಬಂದ್ರೆ ನಾ ನೋಡ್ಕಂತೆ,” ಎಂದಳು ಅತ್ತೆ.

ನೀಲಿ ಬ್ಯಾಗು ಖಾಲಿಯಾಗಿ, ಅವ್ವನ ಹಿತ್ತಾಳೆ ಪಾತ್ರೆಗಳ ಜೊತೆ ಅಟ್ಟ ಹತ್ತಿತು. ಹಳೆಯ ಚಿಲಕದ ನಾಲ್ಕು ತೂತುಗಳು ಬಾಗಿಲ ಮೇಲೆ ಹಾಗೇ ಇವೆ. ಮೇಣ ತುಂಬಿಸಬೇಕು, ಇನ್ನೂ ಯಾರೂ ತುಂಬಿಸಿಲ್ಲ.

ನಿನ್ನೆ ಭಾನುವಾರ, ಊಟದ ನಂತರ, ಒಳಗಿನಿಂದ ಚಿಲಕ ಸರಿದ ಸದ್ದು ಕೇಳಿದೆ. ಅರ್ಧ ತಾಸಾದರೂ ಗೊರಕೆಯ ಸುಳಿವಿಲ್ಲ. ದಿನಚರಿಯ ಕಾಲಂ ತುಂಬಬೇಕಿತ್ತು. ಹೋಗಿ ಬಾಗಿಲ ಮೇಲೆ ಬೆರಳಿನಿಂದ ಮೆಲ್ಲಗೆ ತಟ್ಟಿದೆ.

“ಅತ್ತೇ, ಮನ್ಗಿದ್ಯಾ?”

“ಇಲ್ಲ.”

“ಮತ್ತೆಂತ ಮಾಡ್ತೆ?”

ಏನಾದರೂ ಮಾಡುತ್ತಿದ್ದೇನೆಯೇ ಎಂದು ಅವಳೇ ಒಮ್ಮೆ ನೋಡಿಕೊಂಡಳೋ ಏನೋ. ಕಿಟಕಿಯ ಆಚೆ ಗೇರುಮರದಲ್ಲಿ ಯಾವುದೋ ಹಕ್ಕಿ ಕೂಗಿತು.

“ಎಂತದೂ ಇಲ್ಲ,” ಎಂದಳು. ದನಿಯಲ್ಲಿ ಅವಳಿಗೇ ಆಶ್ಚರ್ಯವಿತ್ತು. “ಸುಮ್ನೆ ಇದ್ದೆ.”

ಚಿಲಕ ಅಲುಗಲಿಲ್ಲ. ನಾನು ಜಗಲಿಗೆ ಬಂದು ದಿನಚರಿ ಬಿಡಿಸಿದೆ. ಮಳೆ: ಇಲ್ಲ. ಮೀನು: ತೋರಿ. ಕೊನೆಯ ಕಾಲಂನಲ್ಲಿ ಅತ್ತೆಯ ಹೆಸರಿನ ಮುಂದೆ ಪೆನ್ನು ಹಿಡಿದು ಕೂತೆ. ಮಲಗಿದಳು ಎಂದು ಬರೆಯುವಂತಿಲ್ಲ, ಎದ್ದಿದ್ದಳು ಎಂದರೂ ಅಷ್ಟು ಸರಿಯಲ್ಲ. ಕೊನೆಗೆ ‘ಒಳಗೆ’ ಎಂದು ಬರೆದು, ಪುಸ್ತಕ ಮುಚ್ಚಿದೆ.